ಇಪ್ಪತ್ಮೂರನೇ ಸಾಲು

ನಾನು ಪೇರೋಲ್‌ನವಳು, ಅಂದರೆ ಸಂಬಳದ ಲೆಕ್ಕ ಹಾಕುವವಳು. ಆಫೀಸಿನಲ್ಲಿ ಎಲ್ಲರ ಸಂಬಳವೂ ಗೊತ್ತಿದ್ದು, ಏನೂ ಗೊತ್ತಿಲ್ಲದವಳ ಹಾಗೆ ಅವರ ಪಕ್ಕದಲ್ಲೇ ಕೂತು ಚಿತ್ರಾನ್ನ ತಿನ್ನುವ ಕೆಲಸ. ಯಾರಿಗೆ ಎಷ್ಟು ಹೈಕ್ ಬಂತು, ಯಾರು ಪಿಎಫ್ ಅಡ್ವಾನ್ಸ್ ತೆಗೆದರು, ಯಾರ ಸಂಬಳದಲ್ಲಿ ಜೀವನಾಂಶ ಹಿಡಿಯಲು ಕೋರ್ಟ್ ಆರ್ಡರ್ ಬಂದಿದೆ, ಎಲ್ಲ ನನ್ನ ಶೀಟಿನಲ್ಲಿರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಹೈಕ್ ಬಂತು ಅಂತ ಮೈಸೂರುಪಾಕು ತಂದವರನ್ನು 'ಓ ಹೌದಾ, ಎಷ್ಟಾಯ್ತು?' ಅಂತ ಮುಗ್ಧವಾಗಿ ಕೇಳುವ ಕಲೆ ಇಷ್ಟು ವರ್ಷದಲ್ಲಿ ಚೆನ್ನಾಗಿ ಒಲಿದಿದೆ.

2025ರ ಜುಲೈನಲ್ಲಿ ಟಿಸಿಎಸ್‌ನವರು 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುತ್ತೇವೆ ಅಂದರಲ್ಲ, ಅವತ್ತಿನಿಂದ ನನ್ನ ಫೋನಿಗೆ ಬಿಡುವಿಲ್ಲ. ತಂಗಿಯ ಗಂಡ, ಹಳೇ ಆಫೀಸಿನವರು, ಮಗಳ ಸ್ಕೂಲಿನ ವಾಟ್ಸಾಪ್ ಗ್ರೂಪಿನ ಅಮ್ಮಂದಿರು. ಬೇರೆ ಬೇರೆ ಕಂಪನಿ, ಎಲ್ಲರ ಪ್ರಶ್ನೆ ಮಾತ್ರ ಒಂದೇ. 'ಕರೆದು ಕೂರಿಸಿ ರಾಜೀನಾಮೆ ಬರಿ ಅಂದ್ರೆ ಏನ್ ಮಾಡ್ಲಿ?' ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲಳಲ್ಲ. ಆದರೆ ಬೇರೆಯವರ ಫುಲ್ ಅಂಡ್ ಫೈನಲ್, ಅಂದರೆ ಕೆಲಸ ಬಿಡುವಾಗಿನ ಕೊನೆಯ ಲೆಕ್ಕ, ಸಾಕಷ್ಟು ಹಾಕಿದ್ದೇನೆ. 2023ರಲ್ಲಿ ನನ್ನದೇ ಲೆಕ್ಕವನ್ನೂ ನೋಡಬೇಕಾಗಿ ಬಂತು.

ಆಗ ನಾನಿದ್ದದ್ದು ಎಚ್‌ಎಸ್‌ಆರ್ ಲೇಔಟಿನ ಒಂದು ಸ್ಟಾರ್ಟಪ್‌ನಲ್ಲಿ. ಹೆಸರು ಬೇಡ. ಒಳ್ಳೇ ದಿನಗಳಲ್ಲಿ ಜೋರಾಗಿತ್ತು. ಸಂಜೆ ನಾಲ್ಕಕ್ಕೆ ಹೆಚ್ಚಿದ ಹಣ್ಣಿನ ಟ್ರೇ ಬರುತ್ತಿತ್ತು, ಗೋಡೆ ಮೇಲೆ ಗಿಟಾರ್ ತೂಗುಹಾಕಿದ್ದರು. ಅದನ್ನು ಯಾರಾದರೂ ನುಡಿಸಿದ್ದು ನಾನಂತೂ ನೋಡಿಲ್ಲ. ಲಾಭದ ಮುಖವನ್ನೂ ನೋಡಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಎಲ್ಲ ನಡೆಯುತ್ತಿದ್ದದ್ದು ಹೊರಗಿನವರು ಹಾಕಿದ ದುಡ್ಡಿನಲ್ಲಿ. ಅಮೆರಿಕದಲ್ಲಿ ಬಡ್ಡಿ ಸೊನ್ನೆಯ ಹತ್ತಿರ ಇದ್ದಷ್ಟು ದಿನ ಆ ದುಡ್ಡು ಬರುತ್ತಿತ್ತು. ಅಲ್ಲಿನ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಬಡ್ಡಿ ಏರಿಸಲು ಶುರು ಮಾಡಿ, 2023ರ ಜುಲೈ ಹೊತ್ತಿಗೆ ಶೇ 5.25-5.5ಕ್ಕೆ ತಂದು ನಿಲ್ಲಿಸಿತು. ಕಷ್ಟವಿಲ್ಲದೆ ಐದು ಪರ್ಸೆಂಟ್ ಸಿಗುವಾಗ ಎಚ್‌ಎಸ್‌ಆರ್‌ನ ಗಿಟಾರಿಗೆ ಯಾರು ದುಡ್ಡು ಹಾಕುತ್ತಾರೆ? ದೊಡ್ಡವರೇ ಆಗ ಜನರನ್ನು ಕಳಿಸುತ್ತಿದ್ದರು. 2022ರ ನವೆಂಬರ್‌ನಲ್ಲಿ ಮೆಟಾ 11,000, 2023ರ ಜನವರಿಯಲ್ಲಿ ಗೂಗಲ್ 12,000. ನಮ್ಮ ಬಾಸ್ ಆಲ್ ಹ್ಯಾಂಡ್ಸ್ ಮೀಟಿಂಗ್‌ನಲ್ಲಿ 'ನಾವು ಕುಟುಂಬ ಇದ್ದ ಹಾಗೆ' ಅಂದಾಗಲೇ ನನಗೆ ಅನುಮಾನ ಬಂತು. ಮನೆಯಲ್ಲಿ ಯಾರಾದರೂ ಹಾಗೆ ಹೇಳಿಕೊಂಡು ಓಡಾಡುತ್ತಾರಾ?

ಕಂಪನಿಗೆ ಕೈ ಬಿಗಿಯಾಗಿದೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಪೇರೋಲ್‌ನವರಿಗೆ. ಹಣ್ಣಿನ ಟ್ರೇ ನಿಂತಿದ್ದೆಲ್ಲ ಆಮೇಲೆ. ಸಂಬಳದಲ್ಲಿ ಹಿಡಿದ ಆದಾಯ ತೆರಿಗೆಯನ್ನು (ಟಿಡಿಎಸ್) ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಪಿಎಫ್ 15ರೊಳಗೆ. 'ಪಿಎಫ್ ಒಂದು ವಾರ ಲೇಟಾಗಿ ಕಟ್ಟಿದ್ರೆ ದಂಡ ಎಷ್ಟು ಬೀಳುತ್ತೆ?' ಅಂತ ಫೈನಾನ್ಸ್‌ನವರು ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ ಕೇಳಿದರು. ನನಗೆ ಅಷ್ಟು ಸಾಕಿತ್ತು. ನೀವೂ ಇದನ್ನು ನೋಡಿಕೊಳ್ಳಬಹುದು. ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ತಿಂಗಳು ತಿಂಗಳು ದುಡ್ಡು ಬೀಳುತ್ತಿದೆಯಾ ನೋಡಿ. ಪೇ ಸ್ಲಿಪ್‌ನಲ್ಲಿ ಹಿಡಿದು ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ನಿಮ್ಮ ಸಿಇಒ ಭಾಷಣ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ತೆಗೆಯಬೇಕಾದವರ ಮೊದಲ ಪಟ್ಟಿ ಜುಲೈನಲ್ಲಿ ಬಂತು. ಪಟ್ಟಿ ಅಂದರೆ ಎಕ್ಸೆಲ್ ಶೀಟ್. ಅದು ಹೇಗೆ ತಯಾರಾಗುತ್ತದೆ ಅಂತ ಹೇಳಬೇಕು. ಕೆಲಸ ಕಳೆದುಕೊಂಡವರು ರಾತ್ರಿಯೆಲ್ಲ ನಿದ್ದೆಗೆಟ್ಟು 'ನಾನೇನು ಕಡಿಮೆ ಮಾಡಿದೆ' ಅಂತ ಯೋಚಿಸುವುದು ನೋಡಿದ್ದೇನೆ. ಆ ಶೀಟಿನಲ್ಲಿ ನಿಮ್ಮ ಕೆಲಸದ ವಿಷಯವೇ ಇರುವುದಿಲ್ಲ ಕಣ್ರೀ. ಎಂಪ್ಲಾಯಿ ನಂಬರ್, ಟೀಮ್, ಸಿಟಿಸಿ (ಒಬ್ಬರ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು), ಸೇರಿದ ದಿನ, ನೋಟಿಸ್ ಪೀರಿಯಡ್. ಕೊನೆಯಲ್ಲಿ 'ಉಳಿತಾಯ' ಅಂತ ಒಂದು ಕಾಲಂ. ಮೇಲಿನವರು ಇಷ್ಟು ಕೋಟಿ ಉಳಿಯಬೇಕು ಅಂತ ಮೊದಲೇ ಹೇಳಿರುತ್ತಾರೆ. ಸಿಟಿಸಿ ಕಾಲಂ ಸಾರ್ಟ್ ಮಾಡಿ, ಆ ಮೊತ್ತ ಬರುವವರೆಗೂ ಸಾಲುಗಳಿಗೆ ಹಳದಿ ಬಣ್ಣ ಬಳಿಯುತ್ತಾ ಹೋಗುತ್ತಾರೆ. ಹೆರಿಗೆ ರಜೆಯಲ್ಲಿದ್ದ ಒಬ್ಬಳ ಸಾಲಿಗೂ ಬಳಿದಿದ್ದರು. ರಜೆಯಲ್ಲಿರುವಾಗ ತೆಗೆಯುವ ಹಾಗಿಲ್ಲ, 1961ರ ಹೆರಿಗೆ ಸೌಲಭ್ಯ ಕಾಯ್ದೆ ಒಪ್ಪಲ್ಲ ಅಂದೆ. ಹಳದಿ ಅಳಿಸಿ ಇನ್ನೊಂದು ಸಾಲಿಗೆ ಬಳಿದರು. ಆ ಇನ್ನೊಬ್ಬ ಯಾರು, ಏನು ತಪ್ಪು ಮಾಡಿದ್ದ ಅಂತ ಯಾರೂ ಕೇಳಲಿಲ್ಲ.

ಅದೇ ವಾರ ದಾವಣಗೆರೆ ಕಡೆಯ ಸಪೋರ್ಟ್ ಟೀಮಿನ ಹುಡುಗನೊಬ್ಬ ಟೀ ಕುಡಿಯುವಾಗ ಫೋನಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ತೋರಿಸಿದ. 'ಅಕ್ಕ, ಬುಕ್ ಮಾಡಿಬಿಡ್ಲಾ? ಇಎಂಐ ಬಹಳ ಕಮ್ಮಿ.' ಅವನ ನಂಬರಿಗೂ ಹಳದಿ ಬಳಿದಿತ್ತು. ಹೇಳುವ ಹಾಗಿಲ್ಲ, ಸುಮ್ನಿರೋಕೂ ಆಗಲ್ಲ. 'ಈಗ್ಯಾಕೋ, ದೀಪಾವಳಿಗೆ ಆಫರ್ ಬಿಡ್ತಾರೆ, ಆಗ ತಗೋ' ಅಂದೆ. ಅವನು ನನ್ನ ಮುಖ ಒಂದು ಕ್ಷಣ ನೋಡಿದ. 'ಸರಿ ಅಕ್ಕ' ಅಂದು ಫೋನ್ ಜೇಬಿಗಿಟ್ಟ. ಅರ್ಥವಾಗಿತ್ತೋ ಇಲ್ಲವೋ, ಇವತ್ತಿಗೂ ಅವನು ಹೇಳಿಲ್ಲ, ನಾನು ಕೇಳಿಲ್ಲ.

ಮೂರನೇ ಪಟ್ಟಿ ಸೆಪ್ಟೆಂಬರಿನಲ್ಲಿ. ನಮ್ಮ ಮ್ಯಾನೇಜರ್ ಶೀಟ್ ಕಳಿಸಿ ಸೆಟಲ್‌ಮೆಂಟ್ ಲೆಕ್ಕ ಹಾಕು ಅಂದರು. ನನಗೊಂದು ಅಭ್ಯಾಸ, ಯಾರ ಶೀಟ್ ಬಂದರೂ ಕೆಳಗಿನ ಟೋಟಲ್ ನಂಬುವುದಿಲ್ಲ, ನಾನೇ ಇನ್ನೊಮ್ಮೆ ಕೂಡುತ್ತೇನೆ. ಕೂಡಿದೆ. ತಾಳೆಯಾಗಲಿಲ್ಲ. ಎಡಗಡೆ ಸಾಲಿನ ನಂಬರ್ ನೋಡುತ್ತಾ ಬಂದೆ. 22 ಆದ ಮೇಲೆ 24. ಮಧ್ಯದ ಒಂದು ಸಾಲನ್ನು ಹೈಡ್ ಮಾಡಿದ್ದರು. ಕಣ್ಣಿಗೆ ಕಾಣದಿದ್ದರೂ ಎಕ್ಸೆಲ್ ಅದನ್ನು ಟೋಟಲ್‌ಗೆ ಸೇರಿಸಿಕೊಳ್ಳುತ್ತದೆ. ಎಷ್ಟು ವ್ಯತ್ಯಾಸ ಬಂತು ಅಂತ ನೋಡಿದೆ. ನನ್ನ ಸಂಬಳ ನನಗೆ ಗೊತ್ತಿರಲ್ವಾ? ಆ ಸಾಲನ್ನು ತೆಗೆದು ನೋಡುವ ಅಗತ್ಯವೇ ಬೀಳಲಿಲ್ಲ.

ಅವತ್ತು ಉಳಿದವರ ಲೆಕ್ಕ ಮುಗಿಸಿ ಮೇಲ್ ಹಾಕಿಯೇ ಎದ್ದೆ. ಧೈರ್ಯ ಅಂದುಕೊಳ್ಳಬೇಡಿ. ಕೈಗೆ ಗೊತ್ತಿರುವ ಕೆಲಸ, ತಾನಾಗಿಯೇ ಆಯಿತು. ಮೆಟ್ರೋದಲ್ಲಿ ಕೆಂಗೇರಿಗೆ ಬರುವಾಗ ಮೆಜೆಸ್ಟಿಕ್ ದಾಟಿದ್ದೂ ಗೊತ್ತಾಗಲಿಲ್ಲ.

ಮನೆಯಲ್ಲಿ ಅವತ್ತೇ ಹೇಳಿದೆ. ನಮ್ಮನೆಯವರದು ವಿಜಯನಗರದಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಅವರು ತಕ್ಷಣ ಕೇಳಿದ್ದು, 'ಯಾವತ್ತು ಕರೀತಾರೆ?' ಅಂತ. ಹೆಚ್ಚುಕಮ್ಮಿ ಹತ್ತು ದಿನ ಇದೆ ಅಂದೆ. 'ಹಾಗಾದ್ರೆ ಅಮ್ಮನ ಕಣ್ಣಿಂದು ಮಾಡಿಸಿಬಿಡೋಣ' ಅಂದರು. ಅತ್ತೆಗೆ ಕಣ್ಣಿನ ಪೊರೆ ಬಂದು ಎಷ್ಟೋ ದಿನವಾಗಿತ್ತು. ದಸರಾ ಆಗಲಿ, ಚಳಿ ಕಳೆಯಲಿ ಅಂತ ಮುಂದೂಡುತ್ತಿದ್ದರು. ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ವಯಸ್ಸಾದವರಿಗೆ ಹೊರಗೆ ಹೊಸ ಪಾಲಿಸಿ ಮಾಡಿಸಿದರೆ ಪೊರೆಗೆ ವೇಟಿಂಗ್ ಪೀರಿಯಡ್ ಅಂತ ಕಾಯಬೇಕು. ಆ ಶನಿವಾರವೇ ಆಪರೇಷನ್ ಮಾಡಿಸಿದೆವು. ಅತ್ತೆಗೆ ಕಾರಣ ಹೇಳಲಿಲ್ಲ. ಸೊಸೆಗೆ ತನ್ನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದೆ ಅಂತ ಪಕ್ಕದ ಮನೆಯವರ ಹತ್ತಿರ ಕಪ್ಪು ಕನ್ನಡಕ ಹಾಕಿಕೊಂಡೇ ಹೇಳಿಕೊಂಡರಂತೆ.

ಕೆಲಸಕ್ಕೆ ಸಂಚಕಾರ ಬರುವ ಹಾಗಿದೆ ಅನ್ನಿಸಿದವರು ಮೊದಲು ಮಾಡಬೇಕಾದ್ದು ಇಂಥ ಕೆಲಸಗಳನ್ನೇ. ರೆಸ್ಯೂಮೆ ಆಮೇಲೆ ತಿದ್ದಿದರಾಯಿತು. ಪೇ ಸ್ಲಿಪ್, ಫಾರ್ಮ್ 16, ಆಫರ್ ಲೆಟರ್, ಹೈಕ್ ಲೆಟರ್ ಎಲ್ಲ ಸ್ವಂತ ಮೇಲ್‌ನಲ್ಲಿ ಇಟ್ಟುಕೊಳ್ಳಿ. ರಜೆ ಬ್ಯಾಲೆನ್ಸ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕರೆದ ದಿನ ನೀವು ರೂಮಿನಿಂದ ಹೊರಗೆ ಬರುವಷ್ಟರಲ್ಲಿ ಲಾಗಿನ್ ಸತ್ತಿರುತ್ತದೆ. ನಿಮ್ಮ ಕಾಗದಪತ್ರ ಮಾತ್ರ ಮತ್ತೆ, ಕಂಪನಿಯ ಡೇಟಾ ಮುಟ್ಟಬೇಡಿ. ಅದೊಂದು ನೆಪ ಸಿಕ್ಕರೆ ಅವರಿಗೆ ಹಬ್ಬ. ಇನ್ಶೂರೆನ್ಸನ್ನು ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಬಿಡುವ ಮೊದಲೇ ಅರ್ಜಿ ಹಾಕಬೇಕು. ಈ ವಿಷಯ ಎಚ್‌ಆರ್ ತಾವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಆ ರೂಮಿನ ವಿಷಯ. ಮೇಜಿನ ಮೇಲೆ ಟಿಶ್ಯೂ ಡಬ್ಬಿ, ಒಬ್ಬ ಎಚ್‌ಆರ್, ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ ಇನ್ನೊಬ್ಬರು. ಟೈಪ್ ಮಾಡಿಟ್ಟ ರಾಜೀನಾಮೆ ಪತ್ರ. ಅದರಲ್ಲಿ 'ವೈಯಕ್ತಿಕ ಕಾರಣಗಳಿಂದ' ಅಂತ ಇತ್ತು. 'ನೀವೇ ರಿಸೈನ್ ಮಾಡಿದ ಹಾಗಿದ್ರೆ ರಿಲೀವಿಂಗ್ ಲೆಟರ್ ಕ್ಲೀನ್ ಆಗಿರುತ್ತೆ, ನಿಮ್ಮ ಒಳ್ಳೇದಕ್ಕೇ' ಅಂದರು. ಎಲ್ಲರಿಗೂ ಹೇಳುವುದು ಇದನ್ನೇ. ಎಷ್ಟೋ ಜನ ಅಲ್ಲೇ ಸಹಿ ಹಾಕಿಬಿಡುತ್ತಾರೆ, ಒಮ್ಮೆ ಹೊರಗೆ ಹೋದರೆ ಸಾಕು ಅನ್ನಿಸಿರುತ್ತದೆ.

ಸಹಿ ಹಾಕಿದರೆ ಏನು ಹೋಗುತ್ತದೆ ಅಂತ ಲೆಕ್ಕ ಹೇಳುತ್ತೇನೆ. ಕಂಪನಿಯೇ ತೆಗೆದರೆ ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಸೆಕ್ಷನ್ 25ಎಫ್ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರ್ತಿ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಿತ್ತು. ಮ್ಯಾನೇಜರ್ ದರ್ಜೆಯವರು ಇದರಲ್ಲಿ ಬರಲ್ಲ. ಐಟಿಯವರು ಬರುತ್ತಾರಾ ಇಲ್ವಾ ಅನ್ನುವುದೇ ದೊಡ್ಡ ಜಗಳ, ಮಾಡುವ ಕೆಲಸ ನೋಡಿ ಹೇಳುತ್ತಾರೆ. ಆದರೆ 'ವೈಯಕ್ತಿಕ ಕಾರಣ' ಅಂತ ನೀವೇ ಬರೆದುಕೊಟ್ಟ ಮೇಲೆ ಆ ಜಗಳಕ್ಕೂ ಜಾಗವಿಲ್ಲ. ಕೆಲಸ ಹೋದರೆ ಇಎಂಐ ಕಟ್ಟುವ ಇನ್ಶೂರೆನ್ಸನ್ನು ಗೃಹಸಾಲದ ಜೊತೆಗೇ ಮಾಡಿಸಿದವರಿದ್ದಾರೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಅದೂ ಬರಲ್ಲ. ಎಲ್ಲ ಒಂದು ಸಹಿಯಲ್ಲಿ.

'ನಾನು ಬಿಡ್ತಾ ಇಲ್ಲ, ನೀವು ತೆಗೀತಿದೀರಿ. ಹಾಗಂತ ಮೇಲ್ ಮಾಡಿ, ಓದಿ ಉತ್ತರ ಕೊಡ್ತೀನಿ' ಅಂದೆ. ಧ್ವನಿ ನಡುಗುತ್ತಿತ್ತು. ಎಚ್‌ಆರ್ ಹುಡುಗಿಗೆ ನಾನೇ ಸಂಬಳದ ಲೆಕ್ಕ ಮಾಡಿಕೊಟ್ಟಿದ್ದವಳು. ಅವಳು ತಲೆ ತಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಏನೋ ಟೈಪ್ ಮಾಡಿದಳು. ಅವಳ ಮೇಲೆ ನನಗೆ ಕೋಪವಿಲ್ಲ. ನಾಲ್ಕನೇ ಪಟ್ಟಿಯಲ್ಲಿ ಅವಳೂ ಹೋದಳು.

ಗ್ರಾಚ್ಯುಟಿಯ, ಅಂದರೆ ಐದು ವರ್ಷ ದುಡಿದವರಿಗೆ ಬಿಡುವಾಗ ಕೊಡುವ ದುಡ್ಡಿನ ಜಗಳ ಇನ್ನೂ ಚೆನ್ನಾಗಿತ್ತು. ನಿಮ್ಮ ಆಫರ್ ಲೆಟರ್ ತೆಗೆದು ನೋಡಿ, ಸಿಟಿಸಿಯೊಳಗೆ ಬೇಸಿಕ್‌ನ ಶೇ 4.81 ಗ್ರಾಚ್ಯುಟಿ ಅಂತ ಇರುತ್ತದೆ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಅದನ್ನು 12ರಿಂದ ಭಾಗಿಸಿದರೆ ಬರುವುದು ಇದೇ 4.81. ನಿಮ್ಮ ಸಂಬಳ ಅಂತಲೇ ತೋರಿಸುತ್ತಾರೆ, ಐದು ವರ್ಷ ತುಂಬುವ ಮೊದಲು ಕಳಿಸಿದರೆ ಮಾತ್ರ ಅದು ಕಂಪನಿಯ ಜೇಬಿನಲ್ಲೇ ಉಳಿಯುತ್ತದೆ. ಮೊದಲ ಪಟ್ಟಿಯ ಸಮಯದಲ್ಲಿ 'ನಾಲ್ಕೂವರೆ ವರ್ಷ ದಾಟಿದವರು ಯಾರ್ಯಾರು?' ಅಂತ ನನ್ನನ್ನು ಕೇಳಿದ್ದರು. ಯಾಕೆ ಕೇಳಿದರು ಅಂತ ನೀವೇ ಊಹಿಸಿ. ನನಗೆ ಆಗ ನಾಲ್ಕು ವರ್ಷ ಒಂಬತ್ತು ತಿಂಗಳು. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಐದು ವರ್ಷವೆಂದೇ ಲೆಕ್ಕ ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ಆ ತೀರ್ಪನ್ನು ನಮ್ಮನೆಯವರ ಅಂಗಡಿಯಲ್ಲೇ ಪ್ರಿಂಟ್ ಹಾಕಿಸಿ ತಗೊಂಡು ಹೋದೆ. ಅದು ತಮಿಳುನಾಡಿನದು, ನಮಗೆ ಅನ್ವಯಿಸಲ್ಲ ಅಂತ ವಾದ ಮಾಡಿದರು. ಕೊನೆಗೆ ಗ್ರಾಚ್ಯುಟಿ ಅನ್ನುವ ಮಾತೇ ಬರೆಯದೆ, ಬೇರೇನೋ ಹೆಸರಿಟ್ಟು ಹೆಚ್ಚುಕಮ್ಮಿ ಅಷ್ಟೇ ದುಡ್ಡು ಕೊಟ್ಟರು. ಜೊತೆಗೆ ಎರಡು ತಿಂಗಳ ಸಂಬಳ. ಆಮೇಲೆ, 'ಪರಸ್ಪರ ಒಪ್ಪಿಗೆ' ಅಂತ ತಿದ್ದಿದ ಕಾಗದಕ್ಕೆ ಸಹಿ ಹಾಕಿದೆ.

ಲೇಬರ್ ಕೋರ್ಟಿಗೆ ಹೋಗಬೇಕಿತ್ತು ಅನ್ನುವವರಿದ್ದಾರೆ. ಹೋದವರನ್ನು ಗೌರವಿಸುತ್ತೇನೆ. ನಮ್ಮ ಪೈಕಿ ಇಬ್ಬರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಓಡಾಡಿದರು. ಐಟಿ, ಐಟಿಇಎಸ್ ನೌಕರರಿಗೆ ಕೀಟೂ ಅಂತ ಒಂದು ಯೂನಿಯನ್ ಬೆಂಗಳೂರಿನಲ್ಲಿದೆ, ಒಬ್ಬರೇ ಹೋಗುವ ಬದಲು ಅವರನ್ನು ಕೇಳುವುದು ವಾಸಿ. ನನಗೆ ಮುಂದಿನ ಇಎಂಐ ಐದನೇ ತಾರೀಖಿಗಿತ್ತು.

ಇಎಂಐ ಅಂದ ಕೂಡಲೇ ಅದರ ಕಥೆಯನ್ನೂ ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ರೆಪೊ ದರ, 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಶೇ 4ರಿಂದ 6.5ಕ್ಕೆ ಏರಿತ್ತು. ಅಮೆರಿಕದ ಬಡ್ಡಿ ಕಂಪನಿಯನ್ನು ಒಣಗಿಸಿತು, ಇಲ್ಲಿನ ಬಡ್ಡಿ ನಮ್ಮ ಕೆಂಗೇರಿ ಫ್ಲ್ಯಾಟಿನ ಸಾಲವನ್ನು ಉದ್ದ ಮಾಡಿತು. ಬ್ಯಾಂಕಿನವರು ಕಂತು ಅಷ್ಟೇ ಇಟ್ಟು ವರ್ಷ ಜಾಸ್ತಿ ಮಾಡಿದ್ದರು. ಹೆಚ್ಚುಕಮ್ಮಿ ನನ್ನ ನಿವೃತ್ತಿಯ ಆಚೆಗೆ ಹೋಗಿತ್ತು ಸಾಲ. ಸಂಬಳ ನಿಂತ ತಿಂಗಳು ಪಿಎಫ್ ಮುಟ್ಟೋಣ ಅಂದರು ನಮ್ಮನೆಯವರು. ಆಗಿನ ನಿಯಮದಲ್ಲಿ ಕೆಲಸವಿಲ್ಲದೆ ಒಂದು ತಿಂಗಳಾದರೆ ಶೇ 75, ಎರಡು ತಿಂಗಳಾದರೆ ಪೂರ್ತಿ ತೆಗೆಯಬಹುದಿತ್ತು. ನಾನು ಬೇಡ ಅಂದೆ. ಬದಲಿಗೆ ಚೀಟಿ ಎತ್ತಿದೆ. ನಮ್ಮ ಬ್ಲಾಕಿನ ಹೆಂಗಸರೆಲ್ಲ ಸೇರಿ ನಡೆಸುವ ಚೀಟಿ. ಆ ತಿಂಗಳು ಹೆಚ್ಚು ಬಿಟ್ಟು ಕೂಗಿದೆ. 'ಇಷ್ಟೊಂದು ಬಿಡ್ತೀಯಲ್ಲೇ, ಏನಾಯ್ತೇ?' ಅಂತ ಚೀಟಿ ನಡೆಸುವ ಆಂಟಿ ಕೇಳಿದರು. ಕೆಲಸ ಹೋಯ್ತು ಆಂಟಿ ಅಂದೆ, ಅಷ್ಟು ಜನರ ಎದುರಿಗೇ. ಎಲ್ಲರೂ ಸುಮ್ಮನಾದರು. ಇನ್ನೊಬ್ಬರು ಕೂಗಬೇಕೆಂದಿದ್ದವರು ಕೂಗಲೇ ಇಲ್ಲ. ಹಾಗಾಗಿ ನಾನಂದುಕೊಂಡಷ್ಟು ಬಿಡಬೇಕಾಗಿ ಬರಲಿಲ್ಲ.

ಊರಿಗೆ ಫೋನ್ ಮಾಡಿದ್ದು ಆಮೇಲೆ. ನಮ್ಮದು ತಿಪಟೂರು ಹತ್ತಿರ. ಅಮ್ಮನಿಗೆ ಲೇಆಫ್ ಅಂದರೆ ಏನು ಅಂತ ವಿವರಿಸಬೇಕಾಗಲಿಲ್ಲ, ಅವರಿಗೆ ಅವರದೇ ಚಿಂತೆಯಿತ್ತು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750, ಮಾರ್ಕೆಟ್‌ನಲ್ಲಿ ಎಂಟು ಸಾವಿರದ ಹತ್ತಿರ ಬಿದ್ದಿತ್ತು. ರೈತರು ಧರಣಿ ಕೂತಿದ್ದರು. 'ನಿಂದೂ ಹೋಯ್ತಾ? ಇಲ್ಲೂ ಅಟ್ಟದ ಮೇಲಿರೋದು ಅಲ್ಲೇ ಐತೆ, ಇಳಿಸೋಕೆ ಮನಸ್ಸಿಲ್ಲ' ಅಂದರು. ಕಾಯಿ ಉಂಡೆ ಕೊಬ್ಬರಿ ಆಗಲು ವರ್ಷದ ಹತ್ತಿರ ಅಟ್ಟದಲ್ಲಿರಬೇಕು. ಅಷ್ಟು ದಿನ ಕಾಯ್ದು ಈ ರೇಟಿಗೆ ಕೊಡುವುದಾ ಅಂತ ಅವರ ಸಂಕಟ. ಸಮಾಧಾನ ಕೇಳಲು ಫೋನ್ ಮಾಡಿದವಳು ನಾನೇ ಸಮಾಧಾನ ಹೇಳಿ ಇಟ್ಟೆ. ಅಮ್ಮ ಅರ್ಧ ಮಾರಿ, ಅರ್ಧ ಉಳಿಸಿಕೊಂಡರು. ಉಳಿಸಿದ್ದನ್ನು ತೀರಾ ಬೇಗ ಕೊಟ್ಟರು ಅನ್ನಿ. 2025ರಲ್ಲಿ ಕ್ವಿಂಟಲ್ 20,000 ದಾಟಿತು. ಈಗಲೂ ಆ ಮಾತು ತೆಗೆದರೆ ಬೈತಾರೆ, ಯಾರನ್ನು ಅಂತ ಸ್ಪಷ್ಟವಿಲ್ಲ.

ಹೊಸ ಕೆಲಸ ಹುಡುಕುವಾಗ ಎಲ್ಲರೂ ಕೇಳುತ್ತಿದ್ದದ್ದು 'ಇಮ್ಮೀಡಿಯೇಟ್ ಜಾಯ್ನರ್ ಇದ್ದೀರಾ?' ಇದ್ದೇನೆ ಅಂದ ಕೂಡಲೇ ಸಂಬಳ ಇಳಿಯುತ್ತಿತ್ತು. ನೋಟಿಸ್ ಪೀರಿಯಡ್‌ನಲ್ಲಿ ಇರುವವರಿಗೆ ಒಂದು ರೇಟು, ಮನೆಯಲ್ಲಿ ಇರುವವರಿಗೆ ಇನ್ನೊಂದು. ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು, ಅಂಗಡಿಗೆ ಹೋಗಿ ಕಾಲೇಜು ಮಕ್ಕಳ ಪ್ರಾಜೆಕ್ಟ್ ಬೈಂಡ್ ಮಾಡುತ್ತಿದ್ದೆ. ಸ್ಪೈರಲ್ ಬೈಂಡಿಂಗ್ ಮಷೀನಿನ ಹಿಡಿ ಒತ್ತಿದಾಗ ಬರುವ 'ಕರಕ್' ಶಬ್ದ ಅಷ್ಟು ಹಿತ ಅನ್ನಿಸಬಹುದು ಅಂತ ಗೊತ್ತಿರಲಿಲ್ಲ. ಸಿಇಒ ಮುಖ ನೆನೆಸಿಕೊಂಡು ಒತ್ತುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಮಲ್ಲೇಶ್ವರದ ಒಬ್ಬ ಆಡಿಟರ್ ಆಫೀಸಿನಲ್ಲಿ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ. ಪೀಣ್ಯದ ಸಣ್ಣ ಸಣ್ಣ ಫ್ಯಾಕ್ಟರಿಗಳ ಪೇರೋಲ್ ಮಾಡುತ್ತೇನೆ. ಇಲ್ಲಿ ಸಿಟಿಸಿ, ಸ್ಟಾಕ್ ಅಂತ ಯಾರೂ ಮಾತಾಡಲ್ಲ. ತಿಂಗಳಿಗೆ 21,000ದೊಳಗಿನವರೇ ಹೆಚ್ಚು, ಅಂದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರು. ಅವರಿಗೆ ಕೆಲಸ ಹೋದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಒಂದಿದೆ. ಸರಾಸರಿ ಕೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವಮಾನದಲ್ಲಿ ಒಮ್ಮೆ. ಮಾಲೀಕರಿಗೂ ಗೊತ್ತಿಲ್ಲ, ಕೆಲಸಗಾರರಿಗೂ ಗೊತ್ತಿಲ್ಲ. ಐಟಿಯವರಿಗೆ ಇಂಥದ್ದೇನೂ ಇಲ್ಲವಲ್ಲ ಅಂತ ನನಗೆ ಬೇಜಾರಿತ್ತು. ಇದ್ದವರಿಗೂ ಸಿಗದಿರುವುದನ್ನು ನೋಡಿದ ಮೇಲೆ ಆ ಬೇಜಾರು ಬೇರೆ ತರಹದ್ದಾಯಿತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದರೂ ಸರಿ, ರಾಜೀನಾಮೆ ಕೊಟ್ಟರೂ ಸರಿ, ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತ ಅದರಲ್ಲಿದೆ. ಫುಲ್ ಅಂಡ್ ಫೈನಲ್‌ಗೆ 45 ದಿನ ಕಾಯಿಸುತ್ತಿದ್ದವರು ಇದನ್ನು ಹೇಗೆ ಪಾಲಿಸುತ್ತಾರೋ ನೋಡಬೇಕು.

ಕಳೆದ ವಾರ ಪೀಣ್ಯದ ಒಂದು ಫ್ಯಾಕ್ಟರಿಯಿಂದ ಮೇಲ್ ಬಂತು. ಆರ್ಡರ್ ಇಲ್ಲ, ಹನ್ನೊಂದು ಜನರನ್ನು ಕಳಿಸುತ್ತಿದ್ದೇವೆ, ಲೆಕ್ಕ ಮಾಡಿಕೊಡಿ ಅಂತ. ಮಾಡಿದೆ. ಸಂಜೆ ಮಾಲೀಕರೇ ಫೋನ್ ಮಾಡಿದರು.

'ಮೇಡಂ, ಮೊತ್ತ ಜಾಸ್ತಿ ಬಂದಿದೆಯಲ್ಲ. ನೋಟಿಸ್ ಸಂಬಳ ಬೇರೆ ಹಾಕಿದೀರಿ.'

'ಹೌದು ಸಾರ್. ನೋಟಿಸ್ ಕೊಡದೆ ಕಳಿಸ್ತಿದೀರಲ್ಲ.'

'ಅವರೇನೂ ಕೇಳಿಲ್ವಲ್ಲ ಮೇಡಂ.'

'ಕೇಳ್ತಾರೆ ಸಾರ್. ಒಬ್ಬೊಬ್ಬರಿಗೂ ಶೀಟಿನ ಪ್ರಿಂಟ್ ಕೊಡಬೇಕಲ್ಲ, ಅದ್ರಲ್ಲಿ ಬರೆದಿದೆ.'